ಎಣ್ಣೆ ರಿಫೈನರಿಯ ಕೊಳೆನೀರು: ಬೆರೆಸದೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ

ಸಣ್ಣ, ಮಧ್ಯಮ ಗಾತ್ರದ ಖಾದ್ಯತೈಲ ರಿಫೈನರಿ ನಡೆಸುವವರು ಹೇಳಿಕೊಳ್ಳುವ ಕಷ್ಟ ಹೆಚ್ಚುಕಡಿಮೆ ಒಂದೇ. ಇಟಿಪಿ (ಕೊಳೆನೀರು ಶುದ್ಧೀಕರಣ ಘಟಕ) ಕಟ್ಟಿಸಿದ್ದಾಗಿದೆ, ಬ್ಲೋವರ್ ಹಗಲೂ ರಾತ್ರಿ ಓಡುತ್ತಿದೆ, ಕರೆಂಟು ಬಿಲ್ಲು ತಪ್ಪದೆ ಬರುತ್ತಿದೆ. ನೀರು ಮಾತ್ರ ತಿಳಿಯಾಗುತ್ತಿಲ್ಲ. ನಾಲ್ಕು ದಿನ ಎಲ್ಲ ಸರಿಯಿರುತ್ತದೆ. ಐದನೆಯ ದಿನ ಏರೇಷನ್ ಟ್ಯಾಂಕಿನ ಮೇಲೆ ಮೊಣಕಾಲೆತ್ತರ ನೊರೆ ಏಳುತ್ತದೆ, ಸ್ಲಡ್ಜ್ ಕೆಳಗೆ ಕೂರುವ ಬದಲು ನೀರಿನ ಜೊತೆಗೇ ಹೊರಟುಹೋಗುತ್ತದೆ, ಅಕ್ಕಪಕ್ಕದ ಹೊಲದವರು ಗೇಟಿಗೆ ಬಂದು ನಿಲ್ಲುತ್ತಾರೆ.

ಇಂಥ ಕಡೆ ತೊಂದರೆಯ ಬೇರು ಇಟಿಪಿಯಲ್ಲಿ ಇರುವುದು ಕಡಿಮೆ. ಇರುವುದು ಪ್ಲಾಂಟಿನ ಚರಂಡಿಯಲ್ಲಿ. ಗುಣದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ಬಗೆಯ ನೀರನ್ನು ಒಂದೇ ಕಾಲುವೆಗೆ ಹರಿಸಿ, ಆಮೇಲೆ ಅದನ್ನು ಬೇರ್ಪಡಿಸಲು ಹೆಣಗುತ್ತೇವೆ. ಬೆರೆಸುವ ಮೊದಲು ಪ್ರತಿಯೊಂದಕ್ಕೂ ಸುಲಭದ ಪರಿಹಾರವಿದೆ. ಬೆರೆಸಿದ ಮೇಲೆ ಯಾವುದಕ್ಕೂ ಸುಲಭದ ಪರಿಹಾರವಿಲ್ಲ.

ತುಂಗಭದ್ರಾ ಬಯಲಿನಲ್ಲಿ ಭತ್ತದ ಗಿರಣಿಗಳ ತೌಡಿನಿಂದ ಎಣ್ಣೆ ತೆಗೆಯುವವರಿದ್ದಾರೆ, ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯವರಿದ್ದಾರೆ, ಉತ್ತರ ಕರ್ನಾಟಕದಲ್ಲಿ ಸೂರ್ಯಕಾಂತಿ, ಮಂಗಳೂರಿನಲ್ಲಿ ಹಡಗಿನಿಂದ ಇಳಿಯುವ ತಾಳೆ ಎಣ್ಣೆ. ಎಣ್ಣೆ ಯಾವುದೇ ಇರಲಿ, ಕೊಳೆನೀರು ಹುಟ್ಟುವ ಜಾಗಗಳು ಹೆಚ್ಚುಕಡಿಮೆ ಒಂದೇ. ಕೆಳಗಿನ ಲೆಕ್ಕಗಳನ್ನೆಲ್ಲ ದಿನಕ್ಕೆ 50 ಟನ್ ಎಣ್ಣೆಯನ್ನು ಕಾಸ್ಟಿಕ್ ಹಾಕಿ ಶುದ್ಧಿ ಮಾಡುವ ಒಂದು ಘಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟಿದ್ದೇನೆ. ನಿಮ್ಮ ಟನ್ನಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಯಾವ ನೀರು ಎಲ್ಲಿಂದ ಬರುತ್ತದೆ

ಕಚ್ಚಾ ಎಣ್ಣೆಗೆ ಮೊದಲು ಫಾಸ್ಫಾರಿಕ್ ಆಸಿಡ್ ಮತ್ತು ನೀರು ಕೊಟ್ಟು ಅಂಟು ತೆಗೆಯುತ್ತೀರಿ. ಆಮೇಲೆ ಕಾಸ್ಟಿಕ್ ಹಾಕಿದಾಗ ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನಾಮ್ಲ (ಎಫ್‌ಎಫ್‌ಎ) ಸೋಪಾಗುತ್ತದೆ. ಸೆಪರೇಟರ್ ಅದನ್ನು ಸೋಪ್‌ಸ್ಟಾಕ್ ಎಂದು ಹೊರಹಾಕುತ್ತದೆ. ಎಣ್ಣೆಯಲ್ಲಿ ಉಳಿದ ಸೋಪನ್ನು ಬಿಸಿನೀರಿನಲ್ಲಿ ತೊಳೆಯುತ್ತೀರಿ. ಒಂದು ತೊಳೆತಕ್ಕೆ ಎಣ್ಣೆಯ ತೂಕದ ಶೇ 10ರಷ್ಟು ನೀರು ಹಿಡಿದರೆ, 50 ಟನ್ನಿಗೆ 5,000 ಲೀಟರ್ ವಾಶ್ ವಾಟರ್. ಎರಡು ತೊಳೆತಕ್ಕೆ ಅದರ ಎರಡರಷ್ಟು. ಪ್ರಮಾಣ ದೊಡ್ಡದಲ್ಲ, ಆದರೆ ಅದರಲ್ಲಿ ಸೋಪು, ಎಣ್ಣೆ, ಫಾಸ್ಫೇಟ್ ಎಲ್ಲ ಇರುತ್ತದೆ.

ಸೋಪ್‌ಸ್ಟಾಕ್‌ಗೆ ಗಂಧಕಾಮ್ಲ ಹಾಕಿ ಆಸಿಡ್ ಆಯಿಲ್ ತೆಗೆಯುವವರಾದರೆ, ತಳದಲ್ಲಿ ಉಳಿಯುವ ಆಸಿಡ್ ವಾಟರ್ ಇಡೀ ಘಟಕದಲ್ಲೇ ಅತಿ ಕಷ್ಟದ ನೀರು: ಕಟು ಹುಳಿ, ಅದರ ಜೊತೆಗೆ ಸೋಡಿಯಂ ಸಲ್ಫೇಟ್, ಫಾಸ್ಫೇಟ್, ಕರಗಿದ ಜೈವಿಕ ಪದಾರ್ಥ. ಡಿಯೋಡರೈಸರ್‌ನ ನಿರ್ವಾತಕ್ಕೆ ಬಳಸುವ ಬ್ಯಾರೊಮೆಟ್ರಿಕ್ ಕಂಡೆನ್ಸರಿನ ನೀರು ಇದಕ್ಕೆ ತದ್ವಿರುದ್ಧ. ಪ್ರಮಾಣದಲ್ಲಿ ಎಲ್ಲಕ್ಕಿಂತ ಹೆಚ್ಚು, ಉಪ್ಪು ಕಡಿಮೆ, ಮೇಲೆ ಮಾತ್ರ ಕೊಬ್ಬು ತೇಲುತ್ತಿರುತ್ತದೆ. ಇನ್ನುಳಿದದ್ದು ನೆಲ ತೊಳೆದ ನೀರು, ಬಾಯ್ಲರ್ ಮತ್ತು ಕೂಲಿಂಗ್ ಟವರಿನ ಬ್ಲೋಡೌನ್, ಸಾಫ್ಟ್‌ನರ್ ರಿಜನರೇಶನ್ನಿನ ಉಪ್ಪುನೀರು.

ಎಣ್ಣೆ ನೀರಿನಿಂದ ಏಕೆ ಬಿಡುವುದಿಲ್ಲ

ಎಣ್ಣೆ ನೀರಿನ ಮೇಲೆ ತೇಲಬೇಕು, ನಿಜ. ಆದರೆ ಸೋಪಿನ ಅಣುವಿಗೆ ಒಂದು ತುದಿ ಎಣ್ಣೆಯನ್ನು ಹಿಡಿಯುವಂಥದ್ದು, ಇನ್ನೊಂದು ತುದಿ ನೀರನ್ನು ಹಿಡಿಯುವಂಥದ್ದು. ಎಣ್ಣೆಯ ಸಣ್ಣ ಹನಿಯ ಸುತ್ತ ಅದು ಕವಚ ಕಟ್ಟುತ್ತದೆ. ಕವಚದ ಹೊರಮೈ ಋಣ ವಿದ್ಯುದಂಶ ಹೊತ್ತಿರುವುದರಿಂದ ಹನಿಗಳು ಒಂದನ್ನೊಂದು ದೂಡುತ್ತವೆ, ಕೂಡಿ ದೊಡ್ಡದಾಗುವುದಿಲ್ಲ.

ದೊಡ್ಡದಾಗದಿದ್ದರೆ ಏನಾಗುತ್ತದೆ? ಹನಿ ಮೇಲೇರುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣ. ವ್ಯಾಸ ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. 40 ಡಿಗ್ರಿಯ ನೀರಿನಲ್ಲಿ 150 ಮೈಕ್ರಾನ್ ಹನಿ ಒಂದು ಮೀಟರ್ ಏರಲು ಸುಮಾರು 11 ನಿಮಿಷ ಸಾಕು. 20 ಮೈಕ್ರಾನ್ ಹನಿಗೆ ಅಷ್ಟೇ ದೂರಕ್ಕೆ ಸುಮಾರು 10 ಗಂಟೆ ಬೇಕು. ಒಂದು ಗಂಟೆ ನಿಲುಗಡೆಯ ಆಯಿಲ್ ಟ್ರ್ಯಾಪ್ ಕಟ್ಟಿಸಿ ಅದರಿಂದ ವಾಶ್ ವಾಟರ್ ತಿಳಿಯಾಗಲಿ ಎಂದು ಕಾದರೆ ಆಗುವುದಿಲ್ಲ, ಕಾರಣ ಇದೇ.

ನೀವೇ ನೋಡಬೇಕಿದ್ದರೆ ಅರ್ಧ ಲೀಟರ್ ಬಿಸಿ ವಾಶ್ ವಾಟರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಮೇಜಿನ ಮೇಲಿಡಿ. ಒಂದು ಗಂಟೆಯಾದರೂ ಅದು ಬೆಳ್ಳಗೇ ಇರುತ್ತದೆ. ಈಗ ಕನ್ನಡಕ, ಕೈಗವಸು ಹಾಕಿಕೊಂಡು, ತೆಳು ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡುತ್ತ, ಅಲುಗಿಸುತ್ತ, ಪಿಎಚ್ ಕಾಗದ 3 ತೋರಿಸುವವರೆಗೆ ಇಳಿಸಿ. ನಿಂಬೆರಸ ಬಿದ್ದ ಹಾಲಿನಂತೆ ಅದು ಒಡೆಯುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಮೇಲೆ ಹಳದಿ-ಕಂದು ಎಣ್ಣೆಯ ಪದರ, ನಡುವೆ ತೆಳುವಾದ ಅಂಟಿನ ಪಟ್ಟಿ, ಕೆಳಗೆ ಬಹುಮಟ್ಟಿಗೆ ಪಾರದರ್ಶಕ ನೀರು. ಹುಳಿಯಲ್ಲಿ ಸೋಪು ಮತ್ತೆ ಕೊಬ್ಬಿನಾಮ್ಲವಾಯಿತು, ಕವಚ ಕಳಚಿತು, ಹನಿಗಳು ಕೂಡಿದವು. ಹೊಸ ಆಪರೇಟರ್ ಸೇರಿದಾಗಲೆಲ್ಲ ಈ ಬಾಟಲಿಯನ್ನು ಅವರ ಕೈಯಲ್ಲೇ ಮಾಡಿಸಿ. ಹತ್ತು ಪುಟದ ಸೂಚನೆಗಿಂತ ಅದು ಚೆನ್ನಾಗಿ ನೆನಪಿರುತ್ತದೆ.

ಮೊದಲ ನಾಲ್ಕು ಕೆಲಸ ಪ್ಲಾಂಟಿನೊಳಗೇ

1. ಎಣ್ಣೆಯನ್ನು ನೀರಿಗೆ ಬಿಡಬೇಡಿ. ಒಂದು ಕಿಲೋ ಎಣ್ಣೆ ಪೂರ್ತಿ ಆಕ್ಸಿಡೈಸ್ ಆಗಲು ಸುಮಾರು 2.9 ಕಿಲೋ ಆಮ್ಲಜನಕ ಬೇಕು. ಅದರಲ್ಲಿ ಒಂದು ಪಾಲು ಸ್ಲಡ್ಜ್ ಆದರೂ ಉಳಿದದ್ದನ್ನು ನಿಮ್ಮ ಬ್ಲೋವರ್ ಪೂರೈಸಬೇಕು. ಅಂದರೆ ಮಾರಬಹುದಾಗಿದ್ದ ಎಣ್ಣೆಯನ್ನು ಕಳೆದುಕೊಂಡು, ಅದನ್ನು ಸುಡಲು ಕರೆಂಟಿಗೂ ದುಡ್ಡು ಕೊಟ್ಟಂತೆ. ಪಂಪಿನ ಗ್ಲ್ಯಾಂಡ್ ಸೋರಿಕೆ, ಫಿಲ್ಟರ್ ಬಿಚ್ಚುವಾಗ ಸುರಿಯುವುದು, ಸ್ಯಾಂಪಲ್ ನಲ್ಲಿ: ಇವುಗಳ ಕೆಳಗೆ ತಟ್ಟೆ ಇಡಿ. ನೆಲಕ್ಕೆ ಬಿದ್ದ ಎಣ್ಣೆಯನ್ನು ಮೊದಲು ತೌಡು ಇಲ್ಲವೇ ಮರದ ಹೊಟ್ಟು ಹಾಕಿ ಎತ್ತಿ, ಆಮೇಲೆ ತೊಳೆಯಿರಿ.

2. ಕಾಸ್ಟಿಕ್ಕನ್ನು ಲೆಕ್ಕ ಹಾಕಿಯೇ ಬಿಡಿ. ಒಂದು ಕಿಲೋ ಎಫ್‌ಎಫ್‌ಎಗೆ ಸಿದ್ಧಾಂತದ ಪ್ರಕಾರ 0.142 ಕಿಲೋ ಕಾಸ್ಟಿಕ್ ಸಾಕು. ಎಣ್ಣೆಯ ಗುಣ ನೋಡಿ ಅದರ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸುವುದು ರೂಢಿ. ಎಫ್‌ಎಫ್‌ಎ ಪ್ರತಿ ಟ್ಯಾಂಕರಿಗೂ ಬದಲಾಗುತ್ತದೆ. ಕಳೆದ ವಾರದ ಅಳತೆಯಲ್ಲೇ ಈ ವಾರವೂ ಬಿಟ್ಟರೆ ಹೆಚ್ಚಾದ ಕಾಸ್ಟಿಕ್ ಒಳ್ಳೆಯ ಎಣ್ಣೆಯನ್ನೇ ಸೋಪು ಮಾಡುತ್ತದೆ. ನಷ್ಟ ಎರಡು ಕಡೆ. ಅಂಟು ಸರಿಯಾಗಿ ತೆಗೆಯದಿದ್ದರೂ ಅದೇ ಕಥೆ: ಅಂಟು ತಾನೂ ಎಣ್ಣೆಯನ್ನು ನೀರಿನೊಳಗೆ ಹಿಡಿದಿಡುತ್ತದೆ.

3. ತೊಳೆಯುವ ನೀರು ಮೆದುವಾಗಿರಲಿ, ಬಿಸಿಯಾಗಿರಲಿ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಅದರ ಕ್ಯಾಲ್ಸಿಯಂ ಸೋಪನ್ನು ಕರಗದ ಜಿಗುಟಾಗಿಸಿ ಸೆಪರೇಟರಿನ ಬಟ್ಟಲುಗಳಿಗೆ ಅಂಟಿಸುತ್ತದೆ. ಸಾಫ್ಟ್‌ನರ್ ನೀರು ಇಲ್ಲವೇ ಸ್ಟೀಮ್ ಕಂಡೆನ್ಸೇಟ್ ಬಳಸಿ. ಎಣ್ಣೆ 85ರಿಂದ 90 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಸ್ವಲ್ಪ ಹೆಚ್ಚೇ ಬಿಸಿ ಇರಬೇಕು. ತಣ್ಣಗಿನ ನೀರು ಬಿದ್ದರೆ ಎಮಲ್ಷನ್ ಖಂಡಿತ. ಎರಡನೆಯ ತೊಳೆತದ ನೀರಿನಲ್ಲಿ ಸೋಪು ಕಡಿಮೆ. ಅದನ್ನು ಚರಂಡಿಗೆ ಬಿಡದೆ ಮತ್ತೆ ಬಿಸಿ ಮಾಡಿ ಮೊದಲ ತೊಳೆತಕ್ಕೆ ಹಾಕಿದರೆ ವಾಶ್ ವಾಟರ್ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ. ಒಂದು ಸಣ್ಣ ಟ್ಯಾಂಕು, ಒಂದು ಪಂಪು: ಇಡೀ ಪಟ್ಟಿಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಹೊಸದಾಗಿ ಹಣ ಹೂಡುವವರಿಗೆ ಇನ್ನೆರಡು ದಾರಿ ಇವೆ. ಸೋಪನ್ನು ಹೀರುವ ಸಿಲಿಕಾ ಪುಡಿ ಬಳಸಿ ನೀರಿನ ತೊಳೆತವನ್ನೇ ಬಿಡುವುದು ಒಂದು. ಕಾಸ್ಟಿಕ್ ಇಲ್ಲದೆ, ಕೊಬ್ಬಿನಾಮ್ಲವನ್ನು ಸ್ಟೀಮಿನಲ್ಲಿ ಹಾರಿಸುವ ಭೌತಿಕ ಶುದ್ಧೀಕರಣ ಇನ್ನೊಂದು. ತೌಡೆಣ್ಣೆಯಲ್ಲಿ ಎಫ್‌ಎಫ್‌ಎ ಹೆಚ್ಚಿರುವುದರಿಂದ ಅದಕ್ಕೆ ಎರಡನೆಯ ದಾರಿಯೇ ಹೊಂದುತ್ತದೆ, ಮತ್ತು ಕಾಸ್ಟಿಕ್ ಹಾಕಿದರೆ ಸೋಪ್‌ಸ್ಟಾಕ್ ಜೊತೆ ಹೊರಟುಹೋಗುವ ಒರೈಜನಾಲ್ ಕೂಡ ಎಣ್ಣೆಯಲ್ಲೇ ಉಳಿಯುತ್ತದೆ. ಈ ದಾರಿಗೆ ಅಂಟು ಮೊದಲೇ ಚೆನ್ನಾಗಿ ಹೋಗಿರಬೇಕು; ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ತೌಡೆಣ್ಣೆಗಾಗಿಯೇ ಕಿಣ್ವದಿಂದ ಅಂಟು ತೆಗೆಯುವ ವಿಧಾನ ರೂಪಿಸಿದೆ.

4. ಚರಂಡಿಗಳನ್ನು ಬೇರೆ ಮಾಡಿ. ಕನಿಷ್ಠ ಮೂರು ಸಾಲು ಬೇಕು: ಸೋಪಿನ ಗಟ್ಟಿ ನೀರು (ಸೋಪ್‌ಸ್ಟಾಕ್ ಒಡೆಯುವವರು ಆಸಿಡ್ ವಾಟರನ್ನು ಇದಕ್ಕೆ ಸೇರಿಸದೆ ಬೇರೆಯೇ ಇಡಲಿ); ನೆಲ ತೊಳೆದ ಎಣ್ಣೆನೀರು; ಬ್ಲೋಡೌನ್, ಬ್ಯಾರೊಮೆಟ್ರಿಕ್ ಕಂಡೆನ್ಸರಿನಂಥ ಕಡಿಮೆ ಕೊಳೆಯ ನೀರು. ಮಳೆನೀರಿನ ಕಾಲುವೆ ಇವಕ್ಕೆ ಸೋಕಲೇಬಾರದು. ಪೈಪುಗಳಿಗೆ ಮೂರು ಬಣ್ಣ ಬಳಿಸಿ. ಆರು ತಿಂಗಳ ಮೇಲೆ ಬಂದ ಫಿಟ್ಟರ್‌ಗೆ ಯಾವುದಕ್ಕೆ ಯಾವುದನ್ನು ಜೋಡಿಸಬಾರದು ಎಂಬುದು ನೋಡಿದ ಕೂಡಲೇ ತಿಳಿಯಬೇಕು.

ಇಟಿಪಿಯಲ್ಲಿ ಕ್ರಮ

5. ಗಟ್ಟಿ ನೀರನ್ನು ಬಿಸಿಯಿರುವಾಗಲೇ ಒಡೆಯಿರಿ. ಸೋಪಿನ ನೀರನ್ನು ಆಸಿಡ್ ನಿರೋಧಕ ಲೈನಿಂಗ್ ಇರುವ ಸ್ಪ್ಲಿಟಿಂಗ್ ಟ್ಯಾಂಕಿಗೆ (ಸೋಪು ಒಡೆಯುವ ಟ್ಯಾಂಕು) ತೆಗೆದುಕೊಂಡು, 80-90 ಡಿಗ್ರಿಯಲ್ಲಿ ಪಿಎಚ್ 2ರಿಂದ 3ಕ್ಕೆ ಇಳಿಸಿ, ಕಲಕುವುದನ್ನು ನಿಲ್ಲಿಸಿ ಕೆಲವು ಗಂಟೆ ಬಿಡಿ. ಮೇಲಿನ ಆಸಿಡ್ ಆಯಿಲ್ ತೆಗೆದಿಡಿ, ಅದಕ್ಕೆ ಗಿರಾಕಿಗಳಿದ್ದಾರೆ. ಆತುರಪಟ್ಟು ಬೇಗ ಬಿಟ್ಟರೆ ನಡುವಿನ ಅಂಟಿನ ಪದರವೂ ನೀರಿನ ಜೊತೆ ಇಳಿದು ಮುಂದಿನ ಟ್ಯಾಂಕುಗಳನ್ನೆಲ್ಲ ಕೆಡಿಸುತ್ತದೆ. ಆ ಪದರವನ್ನು ಮುಂದಿನ ಬ್ಯಾಚಿಗೆ ಉಳಿಸಿಕೊಳ್ಳಿ.

6. ಹುಳಿ ನೀರನ್ನು ಸುಣ್ಣದಿಂದ ಸರಿಪಡಿಸಿ. ಕಾಸ್ಟಿಕ್ ಅಥವಾ ಸೋಡಾ ಆಶ್ ಹಾಕುವುದು ಸುಲಭ, ಸ್ಲಡ್ಜ್ ಕಡಿಮೆ. ಆದರೂ ನಾನು ಸುಣ್ಣದ ಪರ. ಸುಣ್ಣದ ಕ್ಯಾಲ್ಸಿಯಂ ಉಳಿದ ಸೋಪನ್ನು ಕರಗದಂತೆ ಮಾಡಿ ಕೂರಿಸುತ್ತದೆ, ಪಿಎಚ್ 9ರ ಹತ್ತಿರ ಫಾಸ್ಫೇಟನ್ನು ಕೆಳಗಿಳಿಸುತ್ತದೆ, ಸಲ್ಫೇಟಿನ ಒಂದು ಭಾಗವನ್ನು ಜಿಪ್ಸಂ ಆಗಿ ಹೊರಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿಗೆ ಇನ್ನಷ್ಟು ಸೋಡಿಯಂ ಸೇರುವುದಿಲ್ಲ. ಸೋಡಿಯಂ ಏಕೆ ಶತ್ರು ಎಂಬುದನ್ನು ಮುಂದೆ ಹೇಳುತ್ತೇನೆ.

7. ಸೋಪ್‌ಸ್ಟಾಕ್ ಒಡೆದ ಆಸಿಡ್ ವಾಟರ್ ಬಿಟ್ಟು ಉಳಿದ ಸಾಲುಗಳು ಸೇರುವ ಸಮೀಕರಣ ಟ್ಯಾಂಕು ಕನಿಷ್ಠ ಒಂದು ದಿನದ ನೀರು ಹಿಡಿಯಲಿ. ಬ್ಯಾಕ್ಟೀರಿಯಾಗೆ ಕೊಳೆಗಿಂತ ಏರಿಳಿತದ ಭಯ ಹೆಚ್ಚು. ಇಲ್ಲಿಂದ ನೀರು ಪಟಿಕ ಅಥವಾ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಹಾಕಿಸಿಕೊಂಡು ಡಿಎಎಫ್‌ಗೆ ಹೋಗಬೇಕು. ಒತ್ತಡದಲ್ಲಿ ಕರಗಿಸಿದ ಗಾಳಿ ಅಲ್ಲಿ ಸೂಕ್ಷ್ಮ ಗುಳ್ಳೆಗಳಾಗಿ ಬಿಡುಗಡೆಯಾಗಿ ಎಣ್ಣೆಯ ಗಂಟುಗಳನ್ನು ಮೇಲೆತ್ತುತ್ತದೆ.

ಪಟಿಕ ಎಷ್ಟು ಎಂಬುದನ್ನು ಸಪ್ಲೈಯರ್ ಹೇಳಿದ ಅಳತೆಯಿಂದ ತೀರ್ಮಾನಿಸಬೇಡಿ. 10 ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಇದರ 10 ಮಿಲಿಲೀಟರನ್ನು ಒಂದು ಲೀಟರ್ ಕೊಳೆನೀರಿಗೆ ಹಾಕಿದರೆ ಲೀಟರಿಗೆ 100 ಮಿಲಿಗ್ರಾಂ ಆಯಿತು. ಆರು ಬೀಕರ್ ಸಾಲಾಗಿಟ್ಟು, ಪಿಎಚ್ 6.5ರಿಂದ 7ರ ನಡುವೆ ತಂದು, 10, 15, 20, 30, 40, 50 ಮಿಲಿಲೀಟರ್ ಹಾಕಿ. ಒಂದು ನಿಮಿಷ ಜೋರಾಗಿ, ಹದಿನೈದು ನಿಮಿಷ ನಿಧಾನವಾಗಿ ಕಲಕಿ ಅರ್ಧ ಗಂಟೆ ಬಿಡಿ. ಹಿಂದೆ ಮುದ್ರಿತ ಕಾಗದ ಹಿಡಿದು ನೋಡಿದಾಗ ಅಕ್ಷರ ಓದಲು ಬರುವ ಮೊದಲ ಬೀಕರ್ ಯಾವುದೋ ಅದೇ ನಿಮ್ಮ ಅಳತೆ. ಅದಕ್ಕಿಂತ ಹೆಚ್ಚು ಹಾಕಿದರೆ ಗಂಟುಗಳು ಧನ ವಿದ್ಯುದಂಶ ಪಡೆದು ಮತ್ತೆ ಬಿಡಿಬಿಡಿಯಾಗುತ್ತವೆ. ಆರನೆಯ ಬೀಕರ್ ನಾಲ್ಕನೆಯದಕ್ಕಿಂತ ಕದಡಿದ್ದರೆ ಅದು ಇದೇ ಕಾರಣಕ್ಕೆ. ಬೇರೆ ಎಣ್ಣೆಗೆ ಬದಲಾಯಿಸಿದ ದಿನ ಈ ಪರೀಕ್ಷೆ ತಪ್ಪಿಸಬೇಡಿ.

8. ಏರೇಷನ್ ಟ್ಯಾಂಕಿಗೆ ಹೋಗುವ ನೀರು 38 ಡಿಗ್ರಿಗಿಂತ ತಣ್ಣಗಿರಲಿ, ಪಿಎಚ್ 7ರಿಂದ 8ರ ಆಸುಪಾಸಿನಲ್ಲಿರಲಿ, ಟ್ಯಾಂಕಿನೊಳಗೆ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರಲಿ. ಆಹಾರದ ಲೆಕ್ಕದಲ್ಲಿ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) 100 ಪಾಲಿಗೆ ಸಾರಜನಕ 5, ರಂಜಕ 1 ಬೇಕು. ಎಣ್ಣೆ ರಿಫೈನರಿಯ ನೀರಿನಲ್ಲಿ ಫಾಸ್ಫಾರಿಕ್ ಆಸಿಡ್ ಕೃಪೆಯಿಂದ ರಂಜಕ ಸಾಮಾನ್ಯವಾಗಿ ಸಾಕಷ್ಟಿರುತ್ತದೆ, ಸಾರಜನಕ ಇರುವುದೇ ಇಲ್ಲ. ಆದ್ದರಿಂದ ಯೂರಿಯಾ ಕೊಡಿ, ಡಿಎಪಿ ಬೇಡ. ದಿನಕ್ಕೆ 40 ಸಾವಿರ ಲೀಟರ್ ನೀರು, ಲೀಟರಿಗೆ 1,500 ಮಿಲಿಗ್ರಾಂ ಬಿಒಡಿ ಎಂದರೆ 60 ಕಿಲೋ ಬಿಒಡಿ. ಅದಕ್ಕೆ 3 ಕಿಲೋ ಸಾರಜನಕ, ಅಂದರೆ ಸುಮಾರು ಆರೂವರೆ ಕಿಲೋ ಯೂರಿಯಾ. ಸಾರಜನಕ ಕಡಿಮೆಯಾದರೆ ನೂಲಿನಂಥ ಬ್ಯಾಕ್ಟೀರಿಯಾ ಹಬ್ಬಿ ಸ್ಲಡ್ಜ್ ಕೂರುವುದಿಲ್ಲ. ಆ ಐದನೆಯ ದಿನದ ನೊರೆಗೂ ತೇಲಿಹೋಗುವ ಸ್ಲಡ್ಜಿಗೂ ಸೋಪು ಒಂದು ಕಾರಣ, ಇದು ಇನ್ನೊಂದು.

ಕೊನೆಗೆ ಮರಳಿನ ಫಿಲ್ಟರ್, ಆಕ್ಟಿವೇಟೆಡ್ ಕಾರ್ಬನ್. ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಾನದಂಡ ಬಿಒಡಿ 30, ಭೂಮಿಗೆ ಹಾಯಿಸುವುದಕ್ಕೆ 100, ಎರಡಕ್ಕೂ ಎಣ್ಣೆ-ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ. ನಿಮ್ಮ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಮಿತಿ ಇರಬಹುದು, ಅದೇ ಅಂತಿಮ.

ಯಾವ ನೀರು ಯಾವ ಕೆಲಸಕ್ಕೆ

ಮರುಬಳಕೆ ಎಂದ ಕೂಡಲೇ ಆರ್‌ಒ ಎನ್ನುವವರು ಹೆಚ್ಚು. ಅದಕ್ಕೂ ಮೊದಲು ಮಾಡಬಹುದಾದದ್ದು ಬೇಕಾದಷ್ಟಿದೆ.

ಸ್ಟೀಮ್ ಕಂಡೆನ್ಸೇಟ್ ಕೊಳೆನೀರೇ ಅಲ್ಲ. ಅದನ್ನು ಬಿಸಿಯಾಗಿಯೇ ಬಾಯ್ಲರಿಗೆ ವಾಪಸು ಕಳಿಸಿ. ಫೀಡ್ ವಾಟರ್ 6 ಡಿಗ್ರಿ ಹೆಚ್ಚು ಬಿಸಿಯಾದರೆ ಇಂಧನ ಸುಮಾರು ಶೇ 1ರಷ್ಟು ಉಳಿಯುತ್ತದೆ. ಆದರೆ ಎಣ್ಣೆ ಕಾಯಿಸುವ ಕಾಯಿಲ್ ತೂತಾಗಿದ್ದರೆ ಕಂಡೆನ್ಸೇಟಿನಲ್ಲಿ ಎಣ್ಣೆ ಸೇರಿ ಬಾಯ್ಲರ್ ನೊರೆಯೇಳುತ್ತದೆ. ವಾಪಸು ಬರುವ ದಾರಿಯಲ್ಲಿ ಗಾಜಿನ ಕಿಂಡಿ ಮತ್ತು ಬೇರೆಡೆಗೆ ತಿರುಗಿಸುವ ವಾಲ್ವ್ ಇರಲೇಬೇಕು.

ಡಿಯೋಡರೈಸರಿನ ನೀರಿಗೆ ಒಳ್ಳೆಯ ಉಪಾಯವೆಂದರೆ, ಬ್ಯಾರೊಮೆಟ್ರಿಕ್ ನೀರನ್ನು ಕೂಲಿಂಗ್ ಟವರಿಗೆ ನೇರ ಕಳಿಸದೆ ಹೀಟ್ ಎಕ್ಸ್‌ಚೇಂಜರ್ ಮೂಲಕ ತಣಿಸುವುದು. ಕೊಬ್ಬಿನ ನೀರು ತನ್ನ ಸುತ್ತಿನಲ್ಲೇ ತಿರುಗುತ್ತದೆ, ಟವರಿನ ನೀರು ಶುಚಿಯಾಗಿರುತ್ತದೆ, ಊರಿಗೆಲ್ಲ ಹರಡುವ ಆ ಹಳಸಲು ವಾಸನೆಯೂ ಕಡಿಮೆಯಾಗುತ್ತದೆ. ಕಂಡೆನ್ಸರಿಗಿಂತ ಮುಂಚೆ ಸ್ಕ್ರಬ್ಬರ್ ಇಟ್ಟು ಹಿಡಿದ ಕೊಬ್ಬಿನಾಮ್ಲದ ಡಿಸ್ಟಿಲೇಟಿಗೆ ಬೆಲೆಯಿದೆ. ಅದರಲ್ಲಿ ಟೊಕೊಫೆರಾಲ್ ಇರುತ್ತದೆ.

ಇಟಿಪಿ ದಾಟಿದ ಕಡಿಮೆ ಉಪ್ಪಿನ ನೀರಿಗೆ ಮೊದಲ ಜಾಗ ಕೂಲಿಂಗ್ ಟವರಿನ ಮೇಕಪ್. ಆವಿಯಾಗಿ ಹೋಗುವ ನೀರು ಅಲ್ಲೇ ಹೆಚ್ಚು, ಹಾಗಾಗಿ ಬೋರ್‌ವೆಲ್ಲಿನ ಮೇಲಿನ ಭಾರ ಇಳಿಯುವುದೂ ಅಲ್ಲೇ. ಬೂದಿ ತಣಿಸಲು, ಸುಣ್ಣದ ಹಾಲು ಮಾಡಲು, ಶೌಚಾಲಯದ ಫ್ಲಶ್‌ಗೆ, ಅಂಗಳದ ದೂಳಿಗೆ ಇನ್ನಷ್ಟು. ಟವರಿಗೆ ಹಾಕುವುದಾದರೆ ಫಾಸ್ಫೇಟ್ ಮತ್ತು ಟಿಡಿಎಸ್ ಎರಡನ್ನೂ ಅಳೆಯಿರಿ. ಮೊದಲನೆಯದು ಪಾಚಿ ಮತ್ತು ಸ್ಕೇಲ್ ತರುತ್ತದೆ, ಎರಡನೆಯದು ಟವರಿನಲ್ಲಿ ಸಾಂದ್ರವಾಗುತ್ತ ಹೋಗುತ್ತದೆ.

ಆರ್‌ಒ ಹಾಕಿದರೆ ಅದಕ್ಕೆ ಮುಂಚೆ ಅಲ್ಟ್ರಾಫಿಲ್ಟ್ರೇಷನ್ ಬೇಕೇ ಬೇಕು. ಅದರ ರಿಜೆಕ್ಟ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸಿಗುವವರೆಗೆ ಆರ್ಡರ್ ಕೊಡಬೇಡಿ.

ಒಂದು ಗೆರೆ ಮಾತ್ರ ದಾಟುವಂತಿಲ್ಲ. ಶುದ್ಧೀಕರಿಸಿದ ಕೊಳೆನೀರು, ಎಷ್ಟೇ ತಿಳಿಯಾಗಿದ್ದರೂ, ಎಣ್ಣೆಗೆ ತಾಗುವ ಯಾವ ಕೆಲಸಕ್ಕೂ ಬರಬಾರದು: ಎಣ್ಣೆ ತೊಳೆಯಲು, ಕಾಸ್ಟಿಕ್ ಕಲಸಲು, ಡಿಯೋಡರೈಸರಿಗೆ ನೇರ ಬಿಡುವ ಸ್ಟೀಮಿಗೆ, ಡಬ್ಬಿ-ಟ್ಯಾಂಕ್ ತೊಳೆಯಲು. ಜನ ತಿನ್ನುವ ಪದಾರ್ಥ ಅದು.

ಎರೆಭೂಮಿ ಮತ್ತು ಸೋಡಿಯಂ

ಈಗ ಆ ಸೋಡಿಯಂ ಲೆಕ್ಕ. 50 ಟನ್ ಎಣ್ಣೆಯಲ್ಲಿ ಶೇ 2 ಎಫ್‌ಎಫ್‌ಎ ಎಂದರೆ ಒಂದು ಟನ್. ಅದಕ್ಕೆ ಹೆಚ್ಚುವರಿ ಬಿಟ್ಟು 142 ಕಿಲೋ ಕಾಸ್ಟಿಕ್. ಅದರಲ್ಲಿ ಸುಮಾರು 82 ಕಿಲೋ ಸೋಡಿಯಂ. ಗಂಧಕಾಮ್ಲದಿಂದ ಒಡೆದಾಗ ಅದಷ್ಟೂ ಸೋಡಿಯಂ ಸಲ್ಫೇಟಾಗಿ ನೀರಿಗೆ ಇಳಿಯುತ್ತದೆ: ದಿನಕ್ಕೆ ಸುಮಾರು 250 ಕಿಲೋ, ತಿಂಗಳಿಗೆ 25 ದಿನ ಓಡಿದರೆ ಆರು ಟನ್ನಿಗೂ ಮೇಲೆ. ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಇದನ್ನು ತಿನ್ನುವುದಿಲ್ಲ, ಕಾರ್ಬನ್ ಫಿಲ್ಟರ್ ಹಿಡಿಯುವುದಿಲ್ಲ, ಡಿಎಎಫ್ ತೇಲಿಸುವುದಿಲ್ಲ. ಬಿಒಡಿ ವರದಿ ಚೆನ್ನಾಗಿ ಬಂದಿದೆಯೆಂದು ಈ ನೀರನ್ನು ಹೊಲಕ್ಕೆ ಬಿಟ್ಟರೆ ಮಣ್ಣು ಅದರ ಬೆಲೆ ತೆರುತ್ತದೆ.

ರಾಯಚೂರು, ಕೊಪ್ಪಳ, ಬಳ್ಳಾರಿಯ ಎರೆಭೂಮಿಯಲ್ಲಿ ಜೇಡಿಕಣ ಹೆಚ್ಚು. ಕ್ಯಾಲ್ಸಿಯಂ ಆ ಕಣಗಳನ್ನು ಹೆಂಟೆಯಾಗಿ ಹಿಡಿದಿಡುತ್ತದೆ. ಸೋಡಿಯಂ ಅದನ್ನು ಹೊರದೂಡಿ ಕಣಗಳನ್ನು ಚದುರಿಸುತ್ತದೆ. ಆಮೇಲೆ ಮಳೆ ಬಂದರೆ ನೀರು ಇಂಗುವುದಿಲ್ಲ, ಒಣಗಿದರೆ ಮೇಲೆ ಗಟ್ಟಿ ಹೆಪ್ಪು, ಬೀಜದ ಮೊಳಕೆ ಅದನ್ನು ಒಡೆದು ಮೇಲೇಳುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜೌಗು ಮತ್ತು ಸವುಳಿನಿಂದ ಹಾಳಾದ ಜಮೀನು ಈಗಾಗಲೇ ಇದೆ. ಅದಕ್ಕೆ ನಮ್ಮ ಕಾರ್ಖಾನೆಗಳ ಪಾಲು ಸೇರಬಾರದು.

ಹಾಗಾಗಿ ಸೋಪ್‌ಸ್ಟಾಕ್ ಒಡೆದ ಆಸಿಡ್ ವಾಟರನ್ನು ಉಳಿದ ನೀರಿಗೆ ಸೇರಿಸದೆ ಪ್ರತ್ಯೇಕವಾಗಿಯೇ ಮುಗಿಸಿ. ಆವಿಕಾರಕ ಹಾಕುವ ಶಕ್ತಿ ಇದ್ದವರು ಅದನ್ನು ಹಾಕಲಿ. ಇಲ್ಲದವರಿಗೆ, ಮಂಡಳಿಯ ಒಪ್ಪಿಗೆ ಪಡೆದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಬಿಸಿಲುತೊಟ್ಟಿ ಇದೆ. ನಮ್ಮ ಬಯಲುಸೀಮೆಯ ಬಿಸಿಲು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಸೋಪ್‌ಸ್ಟಾಕನ್ನು ಒಡೆಯದೆ ಸೋಪು ತಯಾರಿಸುವವರಿಗೇ ಮಾರಿದರೆ ಸೋಡಿಯಂ ಅದರ ಜೊತೆಗೇ ಹೋಗುತ್ತದೆ, ನಿಮ್ಮ ಆಸಿಡ್ ವಾಟರ್ ಬಹುಪಾಲು ಇಲ್ಲವಾಗುತ್ತದೆ. ಆದರೆ ಕೊಂಡವರು ಅದನ್ನು ಯಾವುದೋ ಶೆಡ್ಡಿನಲ್ಲಿ ಒಡೆದು ಹಳ್ಳಕ್ಕೆ ಬಿಡುವವರಾದರೆ ತೊಂದರೆ ಊರಾಚೆಗೆ ಸರಿಯಿತೇ ಹೊರತು ತೀರಲಿಲ್ಲ. ಮಾರುವ ಮುಂಚೆ ಅವರ ಸಮ್ಮತಿ ಪತ್ರವನ್ನೂ ನೋಡಿ.

ಉಳಿದ ನೀರನ್ನು ಗಿಡಕ್ಕೆ ಹಾಯಿಸುವ ಮೊದಲು ಬಿಒಡಿ ಜೊತೆಗೆ ಎಸ್‌ಎಆರ್ ಪರೀಕ್ಷೆ ಮಾಡಿಸಿ. ಕ್ಯಾಲ್ಸಿಯಂ-ಮೆಗ್ನೀಸಿಯಂಗೆ ಹೋಲಿಸಿ ಸೋಡಿಯಂ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ. 10ಕ್ಕಿಂತ ಕೆಳಗಿರಬೇಕು, ಎರೆಭೂಮಿಗೆ ಇನ್ನೂ ಕಡಿಮೆ ಇದ್ದರೇ ಕ್ಷೇಮ. ಮಣ್ಣಿನ ಮಾದರಿಯನ್ನೂ ವರ್ಷಕ್ಕೊಮ್ಮೆ ಕೊಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಮೇಲೆಯೇ ಕೆಲಸ ನಡೆದಿದೆ. ಜಿಪ್ಸಂ ಬೇಕೇ, ಎಷ್ಟು ಬೇಕು ಎಂದು ಬಲ್ಲವರನ್ನು ಕೇಳಿ ಹಾಕುವುದು ಒಳ್ಳೆಯದು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ

ಸಲ್ಫೇಟ್ ಇರುವ ನೀರು ಗಾಳಿಯಿಲ್ಲದೆ ಸಂಪಿನಲ್ಲಿ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅಂಥ ಸಂಪಿಗೆ ಆಸಿಡ್ ವಾಟರ್ ಬಿದ್ದರೆ ಕರಗಿದ್ದ ಅನಿಲವೆಲ್ಲ ಒಮ್ಮೆಗೇ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದ್ದದ್ದು ತಟ್ಟನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯೇ ಕುಂದುತ್ತದೆ. ಸಂಪಿನೊಳಗೆ ಯಾರನ್ನೂ ಇಳಿಸಬೇಡಿ. ಬಿದ್ದವರನ್ನು ಎತ್ತಲು ಬರಿಗೈಯಲ್ಲಿ ಇಳಿದವರೂ ಹೀಗೇ ಸತ್ತಿದ್ದಾರೆ. ಅನಿವಾರ್ಯವಾದರೆ ಅನಿಲ ಮಾಪಕ, ಹೊರಗಿನ ಗಾಳಿ ತರುವ ಬ್ಲೋವರ್, ಹಗ್ಗ ಕಟ್ಟಿದ ಪೂರ್ಣದೇಹದ ಸುರಕ್ಷತಾ ಪಟ್ಟಿ, ಮೇಲೆ ಇಬ್ಬರು ಕಾವಲು, ಇವೆಲ್ಲ ಇದ್ದ ಮೇಲೆಯೇ.

ಆಸಿಡ್ಡನ್ನು ನೀರಿಗೆ ನಿಧಾನವಾಗಿ ಹಾಕಬೇಕು. ನೀರನ್ನು ಆಸಿಡ್ಡಿಗೆ ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ತೆಳುವಾದ ಆಸಿಡ್ ಕಬ್ಬಿಣವನ್ನು ತಿಂದು ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ಸ್ಪ್ಲಿಟಿಂಗ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಗಾಳಿಯಾಡಿಸದೆ ಅದರ ಬಳಿ ವೆಲ್ಡಿಂಗ್ ಕೂಡದು. ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಕೂಡ ಅದೇ ಆವರಣದಲ್ಲಿದ್ದರೆ ಅದರ ನೀರಿನ ಜೊತೆ ಹೆಕ್ಸೇನ್ ಬರಬಹುದು. ಹೆಕ್ಸೇನ್ ಆವಿ ಗಾಳಿಗಿಂತ ಭಾರ, ಚರಂಡಿಯುದ್ದಕ್ಕೂ ಹರಿದು ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಆ ನೀರನ್ನು ಕುದಿಸಿ ಹೆಕ್ಸೇನ್ ತೆಗೆದ ಮೇಲಷ್ಟೇ ಹೊರಬಿಡಿ.

ಹೆಚ್ಚಾಗಿ ಆಗುವ ತಪ್ಪುಗಳು

ಆಯಿಲ್ ಟ್ರ್ಯಾಪಿಗೆ ಸೆಂಟ್ರಿಫ್ಯೂಗಲ್ ಪಂಪಿನಿಂದ ನೀರು ಎತ್ತುವುದು. ಪಂಪಿನ ಚಕ್ರ ದೊಡ್ಡ ಹನಿಗಳನ್ನು ಚೂರುಚೂರು ಮಾಡುತ್ತದೆ; 11 ನಿಮಿಷದ ಕೆಲಸ 10 ಗಂಟೆಯದಾಗುವುದು ಇಲ್ಲೇ. ಟ್ರ್ಯಾಪಿಗೆ ನೀರು ತಾನಾಗಿ ಇಳಿಜಾರಿನಲ್ಲಿ ಹರಿದು ಬರಲಿ, ಪಂಪು ಅದರ ನಂತರ ಇರಲಿ.

ಟ್ರ್ಯಾಪಿನ ಎಣ್ಣೆಯನ್ನು ಎತ್ತದೆ ಬಿಡುವುದು. ನಿಂತ ಎಣ್ಣೆ ಹಳಸಿ, ಹುಳಿಯಾಗಿ, ಮತ್ತೆ ನೀರಿನೊಳಗೇ ಇಳಿಯುತ್ತದೆ. ಪ್ರತಿ ಶಿಫ್ಟಿನಲ್ಲಿ ಎತ್ತಬೇಕು.

ಬ್ಲೀಚಿಂಗ್ ಮಣ್ಣನ್ನು ನೀರು ಬಿಟ್ಟು ಚರಂಡಿಗೆ ತಳ್ಳುವುದು. ಪೈಪು ಕಟ್ಟಿಕೊಳ್ಳುತ್ತದೆ. ಒಣದಾಗಿ ಗುಡ್ಡೆ ಹಾಕುವುದೂ ಅಪಾಯ: ಸೂರ್ಯಕಾಂತಿಯಂಥ ಎಣ್ಣೆ ಹೀರಿದ ಬಿಸಿ ಮಣ್ಣು ಗಾಳಿಯಲ್ಲಿ ತಾನೇ ಕಾವೇರಿ ಹೊತ್ತಿಕೊಳ್ಳುತ್ತದೆ. ಮುಚ್ಚಳವಿರುವ ಕಬ್ಬಿಣದ ಡ್ರಮ್ಮಿನಲ್ಲಿ ತುಂಬಿ ತೋಯಿಸಿಡಿ.

ನೊರೆ ಕಂಡ ಕೂಡಲೇ ಆ್ಯಂಟಿಫೋಮ್ ಸುರಿಯುವುದು. ಮೊದಲು ಒಳಬರುವ ನೀರನ್ನು ಬಾಟಲಿಯಲ್ಲಿ ಹಿಡಿದು ಅಲುಗಿಸಿ. ಅದರಲ್ಲೇ ನೊರೆ ನಿಂತರೆ ಸೋಪು ಒಡೆಯದೆ ದಾಟಿ ಬಂದಿದೆ. ಸರಿಪಡಿಸಬೇಕಾದದ್ದು ಸ್ಪ್ಲಿಟಿಂಗ್ ಟ್ಯಾಂಕನ್ನು.

ಕಾರ್ಖಾನೆ ವಾರ ನಿಂತಾಗ ಬ್ಲೋವರನ್ನೂ ನಿಲ್ಲಿಸುವುದು. ದಿನಕ್ಕೆ ಕೆಲವು ಗಂಟೆ ಗಾಳಿ, ಸ್ವಲ್ಪ ಬೆಲ್ಲದ ನೀರು, ಚಿಟಿಕೆ ಯೂರಿಯಾ ಕೊಟ್ಟರೆ ಬ್ಯಾಕ್ಟೀರಿಯಾ ಬದುಕಿರುತ್ತದೆ. ಸತ್ತರೆ ಊರಿನ ಒಳಚರಂಡಿ ಶುದ್ಧೀಕರಣ ಘಟಕದಿಂದ ಸ್ಲಡ್ಜ್ ತಂದು ಮತ್ತೆ ಬೆಳೆಸಲು ವಾರಗಳು ಹಿಡಿಯುತ್ತವೆ.

ಬೆಳಗ್ಗೆ ಒಂದೇ ಹೊತ್ತು ಮಾದರಿ ತೆಗೆಯುವುದು. ಸೆಪರೇಟರ್ ತೊಳೆಯುವುದು, ಟ್ಯಾಂಕ್ ಖಾಲಿ ಮಾಡುವುದು ಸಾಮಾನ್ಯವಾಗಿ ರಾತ್ರಿ ಶಿಫ್ಟಿನಲ್ಲಿ, ಕೆಟ್ಟ ನೀರು ಬರುವುದೂ ಆಗಲೇ. ಎರಡು ಗಂಟೆಗೊಮ್ಮೆ 200 ಮಿಲಿಲೀಟರಿನಂತೆ ದಿನವಿಡೀ ಹಿಡಿದು ಒಂದೇ ಕ್ಯಾನಿನಲ್ಲಿ ಕೂಡಿಸಿ ಪರೀಕ್ಷೆಗೆ ಕಳಿಸಿ. ಎಣ್ಣೆ-ಗ್ರೀಸಿಗೆ ಮಾತ್ರ ಹೀಗೆ ಕೂಡಿಸಿದ ಮಾದರಿ ಆಗದು, ಎಣ್ಣೆ ಪ್ಲಾಸ್ಟಿಕ್ಕಿಗೆ ಅಂಟಿ ಲೆಕ್ಕ ತಪ್ಪುತ್ತದೆ. ಅದಕ್ಕೆ ಗಾಜಿನ ಬಾಟಲಿಯಲ್ಲಿ ಬೇರೆಯೇ ಹಿಡಿದು, ಬಾಟಲಿ ಸಮೇತ ಲ್ಯಾಬಿಗೆ ಕೊಡಬೇಕು.